ಧರ್ಮರಾಯ ಮುಟ್ಟಿದವರೆಲ್ಲ ಕಳ್ಳರು

ಕೋಡುಗಲ್ಲಿನ ದೊರೆ ಭುಜಂಗರಾಯನಿಗೆ ತನ್ನ ಪಟ್ಟದಾನೆಯ ಮೇಲೆ ಇದ್ದಷ್ಟು ನಂಬಿಕೆ ಪಟ್ಟದರಾಣಿಯ ಮೇಲೂ ಇರಲಿಲ್ಲ. ಆನೆಯ ಹೆಸರು ಧರ್ಮರಾಯ. ಕಳ್ಳತನದ ಆರೋಪ ಹೊತ್ತವರನ್ನು ಅದರ ಮುಂದೆ ನಿಲ್ಲಿಸುವುದು, ಅದು ಸೊಂಡಿಲು ಚಾಚಿ ಮುಟ್ಟಿದರೆ ಗಡೀಪಾರು. ಇದು ಆ ಊರಿನ ನ್ಯಾಯ.

"ನನ್ನ ಧರ್ಮರಾಯ ಇವತ್ತಿನವರೆಗೆ ಒಬ್ಬ ಕಳ್ಳನನ್ನೂ ಬಿಟ್ಟಿಲ್ಲ!" ಎಂದು ದೊರೆ ಮೀಸೆ ತಿರುವುತ್ತಿದ್ದ.

ಬಿಟ್ಟಿರಲಿಲ್ಲ, ನಿಜ. ಎದುರು ನಿಂತವರನ್ನೆಲ್ಲ ಮುಟ್ಟಿತ್ತಲ್ಲ! ಆಸ್ಥಾನದ ವಿದೂಷಕ ಓಬಳಯ್ಯನಿಗೆ ಇದು ಕಂಡಿತ್ತು. ಆದರೆ ಬಾಯಿಬಿಟ್ಟರೆ ತನ್ನನ್ನೂ ನಿಲ್ಲಿಸಿಯಾರು ಎಂದು ತೆಪ್ಪಗಿದ್ದ.

ಈ ಸಲ ಕಾಣೆಯಾದದ್ದು ದೊರೆಯ ಮುತ್ತಿನ ಪದಕ. ಆರೋಪ ಬಂದದ್ದು ಅಡುಗೆಯ ಗಿರಿಯಮ್ಮನ ಮೇಲೆ. ಓಬಳಯ್ಯನ ಎಲೆಗೆ ಸದಾ ತಳದ ಗಟ್ಟಿ ಹುಳಿಯನ್ನೇ ಬಡಿಸುವ ಪುಣ್ಯಾತ್ಗಿತ್ತಿ ಅವಳು. ಅಂಥವಳು ಊರು ಬಿಟ್ಟು ಹೋಗುವುದೆಂದರೆ ಅವನ ಕರುಳು ಚುರುಕ್ಕೆಂದಿತು.

ರಾಜಕುಮಾರಿ ಚೆಲುವಾಜಮ್ಮಣ್ಣಿಗೆ ಏಳು ವರ್ಷ. ಅವಳಿಗೆ ಪಾಠ ಹೇಳುವವನು ಓಬಳಯ್ಯನೇ. ಪಾಠವೂ ಒಂದೇ: ಯಾರು ಏನು ಹೇಳಿದರೂ "ಹೌದಾ? ನೋಡೇಬಿಡೋಣ" ಅನ್ನುವುದು.

"ಅಮ್ಮಣ್ಣಿ, ಕಳ್ಳರಲ್ಲದವರನ್ನ ಯಾವತ್ತಾದ್ರೂ ಆನೆ ಮುಂದೆ ನಿಲ್ಲಿಸಿದಾರಾ?"

"ಇಲ್ಲ. ಅವರನ್ನ ಯಾಕೆ ನಿಲ್ಲಿಸ್ತಾರೆ?" ಎಂದ ಹುಡುಗಿ ಥಟ್ಟನೆ ಕಣ್ಣರಳಿಸಿದಳು. "ಅಯ್ಯನೋರೇ, ನಿಲ್ಲೋರ ಸೊಂಟಕ್ಕೆ ಆಣೆಬೆಲ್ಲ ಸಿಕ್ಕಿಸ್ತಾರಲ್ಲ!"

ಸುಳ್ಳು ಹೇಳದಿರಲೆಂದು ಆರೋಪಿಯ ಸೊಂಟಕ್ಕೆ ದೇವಸ್ಥಾನದ ಒಂದು ಅಚ್ಚು ಬೆಲ್ಲ ಸಿಕ್ಕಿಸುವುದು ಅಲ್ಲಿನ ಪದ್ಧತಿ.

"ನಂಗೇನು ಗೊತ್ತು? ನೋಡೇಬಿಡಿ," ಎಂದ ಓಬಳಯ್ಯ.

ಮಾರನೆಯ ದಿನ ಗಿರಿಯಮ್ಮ ಆನೆಯ ಮುಂದೆ ಬಂದು ನಿಂತಳು. ಅಮ್ಮಣ್ಣಿ ಓಡಿಹೋಗಿ ಅವಳ ಸೊಂಟದ ಬೆಲ್ಲ ಕಿತ್ತುಕೊಂಡಳು. ಧರ್ಮರಾಯ ಕಿವಿ ಬೀಸುತ್ತ ಆಕಾಶ ನೋಡಿತು. ಅಮ್ಮಣ್ಣಿಯ ಕೈಯಿಂದ ಬೆಲ್ಲ ಪಕ್ಕದಲ್ಲಿದ್ದ ದೇವಸ್ಥಾನದ ಪುರೋಹಿತರ ಸೊಂಟಕ್ಕೆ ಹೋಯಿತು. ಸೊಂಡಿಲೂ ಅಲ್ಲಿಗೇ ಹೋಯಿತು. ಪುರೋಹಿತರು ಪಂಚೆ ಹಿಡಿದುಕೊಂಡು ಓಟಕಿತ್ತರು.

"ಪುರೋಹಿತ ಕಳ್ಳನೇ ಇರಬೇಕು!" ದೊರೆ ಕೆಂಡವಾದ. "ತನ್ನಿ ಇಲ್ಲಿ ಬೆಲ್ಲ! ಒಡೆಯ ಯಾರು ಅಂತ ಧರ್ಮರಾಯನಿಗೆ ಗೊತ್ತು. ಅದು ನನ್ನನ್ನು ಮುಟ್ಟದಿದ್ದರೆ, ಓಬಳಯ್ಯ, ಇವಳಿಗೆ ಇಂಥ ಪಾಠ ಹೇಳಿದ ತಪ್ಪಿಗೆ ಗಿರಿಯಮ್ಮನ ಜೊತೆ ನೀನೂ ಗಡೀಪಾರು!"

ನ್ಯಾಯ ಹೇಳುವ ದಿನ ಮಾತ್ರ ಉಡುವ ಜರಿಯ ನಡುಕಟ್ಟಿಗೆ ದೊರೆ ಹೊಸ ಅಚ್ಚು ಸಿಕ್ಕಿಸಿಕೊಂಡ. ಆನೆ ಮುಟ್ಟಿದ್ದಷ್ಟೇ ಅಲ್ಲ, ನಡುಕಟ್ಟನ್ನೇ ಎಳೆದುಬಿಟ್ಟಿತು. ಬೆಲ್ಲ ಅದರ ಬಾಯಿಗೆ ಹೋಯಿತು. ನಡುಕಟ್ಟಿನ ಮಡಿಕೆಯಿಂದ ಮುತ್ತಿನ ಪದಕ ಠಣ್ಣೆಂದು ನೆಲಕ್ಕೆ ಬಿತ್ತು.

ದೊರೆ ಪದಕವನ್ನು ನೋಡಿದ. ನಾಚಿಕೆಪಡುವ ಬದಲು ಎದೆಯುಬ್ಬಿಸಿದ. "ನೋಡಿದಿರಾ! ಪದಕ ಇದ್ದ ಜಾಗವನ್ನೇ ಹಿಡಿಯಿತು. ಧರ್ಮರಾಯ ತಪ್ಪುವುದುಂಟೇ?"

ಅಮ್ಮಣ್ಣಿ ಸೊಂಟದ ಮೇಲೆ ಕೈಯಿಟ್ಟಳು. "ಅಪ್ಪಾಜಿ, ಧರ್ಮರಾಯ ಸರಿ ಅಂದ್ರೆ ನೀವು ಕಳ್ಳರು, ಗಡೀಪಾರಾಗಿ. ತಪ್ಪು ಅಂದ್ರೆ ಹೋದೋರನ್ನೆಲ್ಲ ವಾಪಸ್ ಕರೆಸಿ. ಯಾವುದು, ಹೇಳಿ?"

ದೊರೆ ಜಾರುವ ಉಡುಪು ಹಿಡಿದುಕೊಂಡು ಹೊಟ್ಟೆ ಕುಣಿಯುವಂತೆ ನಕ್ಕ. "ಕರೆಸಿ, ಎಲ್ಲರನ್ನೂ ಕರೆಸಿ! ಓಬಳಯ್ಯ, ಏಳು ವರ್ಷದ ಮಗುವಿಗೆ ಇಷ್ಟು ಕಲಿಸಿದ್ದೀಯಲ್ಲ, ನಿನಗೇನು ಕೊಡಲಿ?"

ಓಬಳಯ್ಯ ಕೈಮುಗಿದ. "ಮಹಾಸ್ವಾಮಿ, ನಾಳೆಯಿಂದ ತಾವೂ ಪಾಠಕ್ಕೆ ಬನ್ನಿ. ತಮ್ಮ ವಯಸ್ಸಿಗೆ ತಲೆಗೆ ಹತ್ತೋದು ಸ್ವಲ್ಪ ಕಷ್ಟ. ಆದರೂ ನೋಡೇಬಿಡೋಣ."