ಶಂಖಕ್ಕೆ ಸುಬ್ಬಿ ಹೇಳಿದ ಬೆಲೆ

ಬನ್ರಪ್ಪ, ಹತ್ತಿರ ಕೂತ್ಕೊಳ್ಳಿ. ಕಡಲ ದಂಡೆಯಲ್ಲಿ ಸನ್ಯಾಸಿ ಏಡಿಗಳದ್ದೊಂದು ರಾಜ್ಯ ಇತ್ತು. ಹೆಸರಿಗಷ್ಟೇ ಸನ್ಯಾಸಿ! ಮೈ ಮೆತ್ತಗಿರೋ ಪ್ರಾಣಿ, ಖಾಲಿ ಚಿಪ್ಪೊಂದನ್ನ ಸೇರಿಕೊಂಡರೇ ಜೀವ ಉಳಿಯೋದು. ಮೈ ಬೆಳೆದು ಚಿಪ್ಪು ಬಿಗಿಯಾಗುತ್ತಲ್ಲ, ಆಗ ದೊಡ್ಡವರಿಂದ ಚಿಕ್ಕವರವರೆಗೆ ಎಲ್ಲರೂ ಸಾಲಾಗಿ ನಿಲ್ಲೋರು. ಮುಂದಿನವರು ಬಿಟ್ಟ ಚಿಪ್ಪಿಗೆ ಹಿಂದಿನವರು. ಹೀಗೇ ಕೊನೆಯವರೆಗೆ. ಬೆಲೆ ಗಿಲೆ ಏನೂ ಇರಲಿಲ್ಲ.

ರಾಜ ದಪ್ಪಯ್ಯನಿಗೆ ಆಸೆ ಹುಟ್ಟಿತು. ಇನ್ಮೇಲೆ ಚಿಪ್ಪು ಬಿಡುವವರು ಬೆಲೆ ಹೇಳಲಿ, ಸೇರಿಕೊಳ್ಳುವವರು ಅದನ್ನ ಕೊಟ್ಟು, ಅಷ್ಟನ್ನೇ ಅರಮನೆಗೂ ಸುಂಕ ಕಟ್ಟಲಿ ಅಂತ ಡಂಗುರ ಹೊಡೆಸಿದ. ಸುಂಕ ಕಟ್ಟಿದವರು ಸುಮ್ಮನಿರ್ತಾರಾ? ತಾವು ಬಿಡೋ ಚಿಪ್ಪಿಗೆ ಇನ್ನಷ್ಟು ಏರಿಸಿ ಹೇಳಿದರು. ಬೆಲೆ ಏರಿತು, ಸುಂಕವೂ ಏರಿತು. ಸಾಲು ನಿಂತೇಹೋಯ್ತು.

ಆ ಸಾಲಿನ ತುದಿಯಲ್ಲಿ ಸುಬ್ಬಿಯ ಒಬ್ಬಳೇ ಮಗಳು ಚಿಕ್ಕಿ ಇದ್ದಳು. ಪಾಪ, ಅವಳ ಚಿಪ್ಪು ಬಿಗಿಯಾಗಿತ್ತು. ಸುಬ್ಬಿ ಮೂರು ಚೂರು ಮೀನು ಕೂಡಿಸಿ ಹೋದಳು. ಬೆಲೆ, ಸುಂಕ ಸೇರಿ ಆರಾಗಿತ್ತು. ಆರು ಕೂಡಿಸಿ ಹೋದಳು. ಹನ್ನೆರಡಾಗಿತ್ತು. ಹನ್ನೆರಡು ಕೂಡಿಸೋಕೆ ಅಂತ ಅಲೆಯ ಹತ್ತಿರ ಹೋಗಿದ್ದಾಗ, ಚಿಕ್ಕಿ ಉಸಿರುಗಟ್ಟಿ ಚಿಪ್ಪಿನಿಂದ ಹೊರಗೆ ಬಂದಳು. ಮೇಲೆ ಮರದಲ್ಲಿ ಕಾಗೆ ಕೂತಿತ್ತು. ಅಯ್ಯೋ, ಹೇಳೋಕೆ ನನಗೇ ಸಂಕಟ ಆಗುತ್ತೆ. ಸುಬ್ಬಿ ವಾಪಸ್ ಬರೋ ಹೊತ್ತಿಗೆ ಹಳೇ ಚಿಪ್ಪೊಂದೇ ಬಿದ್ದಿತ್ತು.

ಸ್ವಲ್ಪ ದಿನಕ್ಕೆ ದಪ್ಪಯ್ಯನ ಚಿಪ್ಪೂ ಬಿಗಿಯಾಯ್ತು. ಅವನ ಮೈಗೆ ಆಗೋ ಶಂಖ ಇಡೀ ದಂಡೆಯಲ್ಲಿ ಒಂದೇ. ಅದನ್ನ ಮೊದಲೇ ಹಿಡಿದು ಅದರ ಬಾಯಲ್ಲಿ ಸುಬ್ಬಿ ಕೂತಿದ್ದಳು. ಬಿಟ್ಟುಕೊಡುವವಳು ಅವಳೇ, ಬೆಲೆ ಹೇಳುವವಳೂ ಅವಳೇ. ರಾಜ ಏದುಸಿರು ಬಿಡ್ತಾ ಬೆಲೆ ಕೇಳಿದ.

“ನನ್ನ ಮಗಳು, ಮಹಾಸ್ವಾಮಿ. ಅದೇ ಬೆಲೆ,” ಅಂದಳು ಸುಬ್ಬಿ. “ಸುಂಕವೂ ಅಷ್ಟೇ ಅಂತ ನೀವೇ ಸಾರಿಸಿದ್ದೀರಿ. ಅದಕ್ಕೆ ಇನ್ನೊಬ್ಬಳು ಮಗಳು ಬೇಕು. ನಿಮಗೂ ಒಬ್ಬಳಿದ್ದಾಳಲ್ಲ.”

ರಾಜ ಪಕ್ಕದಲ್ಲಿ ನಿಂತಿದ್ದ ತನ್ನ ಮಗಳನ್ನ ನೋಡಿದ. ಮೇಲೆ ಕೂತ ಕಾಗೆಯನ್ನೂ ನೋಡಿದ. ಅಲ್ಲೇ, ಎಲ್ಲರೆದುರು, ಬೆಲೆ ಸುಂಕ ಎರಡನ್ನೂ ತೆಗೆದುಹಾಕಿದ.

ಸುಬ್ಬಿ ಪಕ್ಕಕ್ಕೆ ಸರಿದಳು. ರಾಜ ಶಂಖ ಸೇರಿದ. ರಾಜನ ಚಿಪ್ಪಿಗೆ ಮಂತ್ರಿ, ಮಂತ್ರಿಯದಕ್ಕೆ ದಳವಾಯಿ, ಹಾಗೇ ಸಾಲು ಸರಿಯಿತು. ಕೊನೆಗೆ ಒಂದು ಚಿಪ್ಪು ಉಳಿಯಿತು. ಚಿಕ್ಕಿಯ ಅಳತೆಯದು. ಸೇರಿಕೊಳ್ಳೋಕೆ ಯಾರೂ ಇರಲಿಲ್ಲ.

ನೀತಿ ಇಷ್ಟೇ ಮಕ್ಕಳೇ. ಆಳುವವರು ಸೂರಿನ ದಾರಿಗೆ ಅಡ್ಡ ಕೂತರೆ, ಸಾಲಿನ ತುದಿಯವರು ಬಯಲಿಗೆ ಬೀಳ್ತಾರೆ. ಆಮೇಲೆ ಎದ್ದು ದಾರಿ ಬಿಟ್ಟರೂ ಹೋದವರು ಬರೋದಿಲ್ಲ.

ಸುಬ್ಬಿ ಈಗಲೂ ಆ ಚಿಪ್ಪಿನೊಳಗೆ ಸೇರೋ ಮರಳನ್ನ ದಿನಾ ತೆಗೆದು ಚೊಕ್ಕ ಮಾಡ್ತಾಳಂತೆ.