ಕಮಾನಿನ ಅಡಿಯಲ್ಲಿ ಬರೆದ ಪಂಚನಾಮೆ

ರಸ್ತೆ ಅಗಲ ಮಾಡಲು ಬಂದ ಸಾಹೇಬರಿಗೆ ಹಳೇ ಮಸೀದಿಯ ಕಲ್ಲಿನ ಕಮಾನು ಅಡ್ಡವಾಯಿತು. ಸುಲ್ತಾನರ ಕಾಲದ ಕಮಾನು ಅದು. ಮೇ ತಿಂಗಳ ನಡುಮಧ್ಯಾಹ್ನ ಪಂಚರನ್ನು ಕರೆಸಿ, ಅದರಡಿಯೇ ಕುರ್ಚಿ ಹಾಕಿಸಿಕೊಂಡು ಕೂತರು.

“ಇದರಿಂದ ಯಾರಿಗೂ ಉಪಯೋಗ ಇಲ್ಲ ಅಂತ ಪಂಚನಾಮೆ ಬರಿ. ನಾಳೆ ಜೆಸಿಬಿ ಬರ್ತದ,” ಎಂದು ಗುಮಾಸ್ತ ರಾಜೇಸಾಬನಿಗೆ ಹೇಳಿದರು.

ರಾಜೇಸಾಬ ಬರೆದು, ಗಟ್ಟಿಯಾಗಿ ಓದಿದ: “ಪಂಚರು ಐದು ಮಂದಿ, ಸಾಹೇಬರು, ಜೀಪಿನ ಡ್ರೈವರ್, ಎರಡು ಆಡು, ಬೇರೆಲ್ಲೂ ನೆರಳಿಲ್ಲದ ಕಾರಣ ಸದರಿ ಕಮಾನಿನ ಅಡಿಯಲ್ಲಿ ಕೂತು ಬರೆದ ಪಂಚನಾಮೆ ಏನೆಂದರೆ, ಸದರಿ ಕಮಾನಿನಿಂದ ಯಾರಿಗೂ ಉಪಯೋಗವಿಲ್ಲ.”

ಪಂಚರೆಲ್ಲ ಒಟ್ಟಿಗೇ ಕೆಮ್ಮಿದರು.

“ಎಲ್ಲಿ ಕೂತಿದ್ವಿ ಅಂತ ಯಾಕೋ ಬರದಿ?” ಎಂದು ಸಾಹೇಬರು ಗದರಿದರು.

“ಕೂತ ಜಾಗ ಬರೀಲಿಲ್ಲಂದ್ರ ಪಂಚನಾಮೆ ಮ್ಯಾಲಿನ ಆಫೀಸಿಂದ ವಾಪಸ್ ಬರ್ತದ್ರೀ. ಬ್ಯಾಡಂದ್ರ ರಸ್ತೆ ಮ್ಯಾಲ ಕೂತು ಬರಿಯೋಣು. ಕುರ್ಚಿ ಅಲ್ಲಿ ಹಾಕ್ಲೇನ್ರೀ?”

ಸಾಹೇಬರು ರಸ್ತೆ ನೋಡಿದರು. ಡಾಂಬರು ಕರಗಿ ಮಿಂಚುತ್ತಿತ್ತು. ಬಿಸಿಲಿಗೆ ಚಾಚಿದ್ದ ಕಾಲನ್ನು ಮೆಲ್ಲಗೆ ನೆರಳಿಗೆ ಎಳೆದುಕೊಂಡರು.

“ರಸ್ತೆ ಸ್ವಲ್ಪ ಆ ಕಡೆ ತಿರುಗಿಸಬಹುದು ಅಂತ ಬರಿ,” ಎಂದರು. “ಆದ್ರ ಇಲ್ಲೇ ಕೂತು ಬರಿ.”