ಕೆಳಗಿನ ಮನೆಗೆ ಇಳಿದ ಕುಕ್ಕರ್ ವಿಶಲ್

ಈಜಿಪ್ಟಿನ ದೊಡ್ಡ ಪಿರಮಿಡ್ಡಿನ ತುದಿಗಲ್ಲು ಸ್ವಲ್ಪ ವಾಲಿತ್ತು. ಅದನ್ನು ನೆಟ್ಟಗೆ ಕೂರಿಸಿ ಬಂದವನು ನಾನೇ.

ಸುಳ್ಳು. ನಾನು ಪಿರಮಿಡ್ ನೋಡಿದ್ದು ಮಗಳ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಮೇಲೆ. ವಿಮಾನವನ್ನು ಕೆಳಗಿನಿಂದ ಮಾತ್ರ ಬಲ್ಲೆ. ಆದರೆ ನನ್ನ ಅಕ್ಕನ ಮಗ ಕೊಟ್ರೇಶ ಈಜಿಪ್ಟಿನಲ್ಲಿ ಇರುವುದು ನಿಜ. ದಾವಣಗೆರೆ ಹುಡುಗ. ಅಲೆಕ್ಸಾಂಡ್ರಿಯಾ ಅಂತ ಸಮುದ್ರದ ಪಕ್ಕದ ಊರು, ಅಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ. ಈ ಕತೆ ಅವನು ಫೋನಿನಲ್ಲಿ ಹೇಳಿದ್ದು. ಅರ್ಧ ಅವನದು, ಅರ್ಧ ನನ್ನದು. ಯಾವ ಅರ್ಧ ಚೆನ್ನಾಗಿದೆಯೋ ಅದು ನನ್ನದು ಅಂತ ತಿಳಿದುಕೊಳ್ಳಿ.

ಮಕ್ಕಳೇ, ಹತ್ತಿರ ಬನ್ನಿ. ದೊಡ್ಡವರೂ ಟೀ ಕುಡಿಯುತ್ತ ಕೇಳಬಹುದು, ಮಧ್ಯೆ ಬಾಯಿ ಹಾಕಬಾರದು ಅಷ್ಟೆ.

ಕೊಟ್ರೇಶನ ಹೆಂಡತಿ ಸರ್ವಮಂಗಳಾ. ಮಗಳು ಇಂಚರಾ, ಎರಡನೇ ಕ್ಲಾಸು. ಅಪ್ಪ ಅಮ್ಮನಿಗೆ ಅರಬ್ಬಿ ಭಾಷೆಯಲ್ಲಿ ಟೊಮೆಟೊ, ಈರುಳ್ಳಿ, ಸಾಕು ಅನ್ನೋದಷ್ಟೇ ಬರುತ್ತಿತ್ತು. ಇಂಚರಾ ಮಾತ್ರ ಅಲ್ಲೇ ಹುಟ್ಟಿದವಳ ಹಾಗೆ ಪಟಪಟ ಮಾತಾಡುತ್ತಿದ್ದಳು. ಮಗ ಬಸು ಇನ್ನೂ ಸ್ಕೂಲಿಗೆ ಸೇರಿರಲಿಲ್ಲ. ಸೇರಿಸಿಕೊಳ್ಳುವ ಧೈರ್ಯ ಯಾವ ಸ್ಕೂಲಿಗೂ ಬಂದಿರಲಿಲ್ಲ.

ಮನೆ ಮೂರನೇ ಮಹಡಿಯಲ್ಲಿ. ಆ ಊರಿನಲ್ಲಿ ಸೊಪ್ಪು, ರೊಟ್ಟಿ ತರೋಕೆ ಪ್ರತಿ ಸಲ ಮೆಟ್ಟಿಲು ಇಳಿಯಬೇಕಿಲ್ಲ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟರಾಯಿತು. ಕೆಳಗೆ ಗಾಡಿಯವನು ಸಾಮಾನು ತುಂಬುತ್ತಾನೆ, ಮೇಲಿನವರು ಎಳೆದುಕೊಳ್ಳುತ್ತಾರೆ. ಬಾವಿ ಸೇದಿದ ಹಾಗೆಯೇ. ಕೊಡದಲ್ಲಿ ನೀರಿನ ಬದಲು ಬದನೆಕಾಯಿ.

ಒಂದು ದಿನ ಸರ್ವಮಂಗಳಾ ಬುಟ್ಟಿ ಎಳೆಯುತ್ತಿದ್ದಾಗ ಎರಡನೇ ಮಹಡಿಯ ಬಾಲ್ಕನಿಯಿಂದ ಒಂದು ಕೈ ಬಂತು. ಬುಟ್ಟಿಯನ್ನು ತಡೆದು ಒಳಗೆ ಒಂದು ತಟ್ಟೆ ಇಟ್ಟಿತು. ತಟ್ಟೆಯಲ್ಲಿ ರವೆಯ ಸಿಹಿ, ತುಪ್ಪದ ಘಮ. ಕೈಯ ಹಿಂದೆ ಒಂದು ದುಂಡು ಮುಖ, ತಲೆಗೆ ಹೂವಿನ ವಸ್ತ್ರ. ಅವರೇ ಉಮ್ಮ್ ನಬೀಲ್. ಅಂದರೆ ನಬೀಲನ ತಾಯಿ. ಅಲ್ಲೂ ನಮ್ಮ ಹಾಗೇ, ಮಗ ಹುಟ್ಟಿದ ಮೇಲೆ ಅವ್ವನ ಸ್ವಂತ ಹೆಸರು ರಜೆಯ ಮೇಲೆ ಹೋಗುತ್ತದೆ.

ಸರ್ವಮಂಗಳಾ ತಟ್ಟೆ ತೊಳೆದಳು. ಅದರಲ್ಲಿ ಚಕ್ಕುಲಿ ಇಟ್ಟು ಬುಟ್ಟಿಯಲ್ಲಿ ಇಳಿಸಿದಳು.

"ಯಾಕಮ್ಮಾ? ಬರೀ ತಟ್ಟೆ ಕೊಟ್ರೆ ಆಗಲ್ವಾ?" ಅಂದಳು ಇಂಚರಾ.

"ಕೊಟ್ಟ ಪಾತ್ರೆ ಬರಿದು ಕಳಿಸಬಾರದು ಪುಟ್ಟಾ. ಏನೂ ಇಲ್ಲದಿದ್ರೆ ಒಂದು ಚಿಟಿಕೆ ಸಕ್ಕರೆಯಾದ್ರೂ ಇರಬೇಕು."

ಬಸು ಈ ಮಾತನ್ನು ಬಾಯಿ ತೆರೆದುಕೊಂಡು ಕೇಳಿಸಿಕೊಂಡ. ಆ ವಯಸ್ಸಿನ ಮಕ್ಕಳು ಬೇಡದ್ದು ಕೇಳಿಸಿಕೊಳ್ಳುತ್ತಾರೆ, ಬೇಕಾದ್ದು ಮರೆಯುತ್ತಾರೆ. ಇವನು ಇದೊಂದನ್ನು ಮರೆಯಲಿಲ್ಲ.

ಸರ್ವಮಂಗಳಾಗೆ ಒಂದೇ ಚಿಂತೆ. ಬೆಳಿಗ್ಗೆ ಬೇಳೆ ಬೇಯಿಸಲು ಕುಕ್ಕರ್ ಇಡುತ್ತಿದ್ದಳು. ದಾವಣಗೆರೆಯಿಂದ ಸೀರೆಗಳ ನಡುವೆ ಸುತ್ತಿ ತಂದ ಕುಕ್ಕರ್ ಅದು. ಮೂರು ಕೂಗು ಕೂಗುತ್ತಿತ್ತು. ಮೂರನೇ ಕೂಗು ಮುಗಿಯೋದೇ ತಡ, ಕೆಳಗಿನ ಮನೆಯಿಂದ ಧಡ್! ಧಡ್! ಧಡ್!

"ಕೇಳಿಸ್ತೇನ್ರೀ? ನಮ್ ಕುಕ್ಕರ್ ಸದ್ದಿಗೆ ಆ ಯಮ್ಮ ಸಿಟ್ಟಾಗಿ ಬಾಗ್ಲು ಬಡೀತಾರೆ."

"ಸಿಟ್ಟಿದ್ರೆ ಸಿಹಿ ಯಾಕೆ ಕಳಿಸ್ತಾರೆ?" ಅಂದ ಕೊಟ್ರೇಶ.

"ಸಿಹಿ ಅವರ ದೊಡ್ಡತನ. ಧಡ್ ಧಡ್ ಅವರ ಮನಸ್ಸು."

ಹೆಂಗಸರ ಈ ಲೆಕ್ಕಾಚಾರದ ಮುಂದೆ ಕೊಟ್ರೇಶ ಇನ್ನೊಂದು ತುತ್ತು ಉಪ್ಪಿಟ್ಟು ತಿಂದ. ಅಂದಿನಿಂದ ಸರ್ವಮಂಗಳಾ ಅಡುಗೆಮನೆ ಕಿಟಕಿ ಮುಚ್ಚಿ ಕುಕ್ಕರ್ ಇಡತೊಡಗಿದಳು. ಮಕ್ಕಳು ಓಡಿದರೆ "ಶ್! ಕೆಳಗಿನವರು!" ಬಾಡಿಗೆ ಕೊಟ್ಟು ಇರುವ ಮನೆಯಲ್ಲೇ ನಾಲ್ಕೂ ಜನ ಕಳ್ಳಬೆಕ್ಕಿನ ಹಾಗೆ ತುದಿಗಾಲಲ್ಲಿ ನಡೆದರು.

ಹೀಗಿರುವಾಗ ಒಂದು ಶುಕ್ರವಾರ ಬಂತು. ಅಲ್ಲಿ ರಜೆ ಇರುವುದು ಶುಕ್ರವಾರ. ಕೊಟ್ರೇಶ ಮೀನು ನೋಡಲು ಹೋಗಿದ್ದ. ತಿನ್ನುವವನಲ್ಲ, ನೋಡುವವನು ಮಾತ್ರ. ಸರ್ವಮಂಗಳಾ ತಲೆನೋವು ಅಂತ ಮಲಗಿದ್ದಳು. ಕೆಳಗಿನಿಂದ ಉಮ್ಮ್ ನಬೀಲ್ ಕೂಗಿದರು: "ಇಂಚರಾ! ನನ್ನ ತಟ್ಟೆ ಕಳಿಸಮ್ಮಾ, ನೆಂಟರು ಬಂದಿದ್ದಾರೆ."

ಆ ವಾರ ಮತ್ತೆ ಸಿಹಿ ಹೊತ್ತು ಬಂದಿದ್ದ ತಟ್ಟೆ ತೊಳೆದು ಇಟ್ಟಿತ್ತು. ಬರಿದು. ಚಕ್ಕುಲಿ ಡಬ್ಬಿಯೂ ಬರಿದು. ಸಕ್ಕರೆ ಡಬ್ಬಿ ಎತ್ತರದ ಗೂಡಿನಲ್ಲಿ. ಅಮ್ಮನನ್ನು ಎಬ್ಬಿಸುವ ಹಾಗಿಲ್ಲ.

"ಬರಿದು ಕಳಿಸಬಾರದು ಅಕ್ಕಾ," ಅಂದ ಬಸು.

"ಗೊತ್ತು ಕಣೋ. ಏನ್ ಇಡೋಣ?"

ಬಸು ಚಡ್ಡಿ ಜೇಬಿಗೆ ಕೈ ಹಾಕಿದ. ಅವನ ಬಳಿ ಒಂದು ಬುಗುರಿ ಇತ್ತು. ನೆಲದ ಮೇಲೆ ತಿರುಗಿಸಿದರೆ ಗುಂಯ್ ಅಂತ ತಿರುಗುವ, ಫಳಫಳ ಹೊಳೆಯುವ, ಅಂಗೈ ತುಂಬುವ ಭಾರದ ಬುಗುರಿ. ಪ್ರಪಂಚದಲ್ಲಿ ಅವನಿಗೆ ಅದಕ್ಕಿಂತ ಇಷ್ಟದ್ದು ಇರಲಿಲ್ಲ. ಕ್ಷಣ ಹೊತ್ತು ಅದನ್ನು ಕೆನ್ನೆಗೆ ಒತ್ತಿಕೊಂಡ. ಆಮೇಲೆ ತಟ್ಟೆಯ ನಡುಮಧ್ಯೆ ಇಟ್ಟ. ಇಂಚರಾ ಹಗ್ಗ ಇಳಿಬಿಟ್ಟಳು.

ಹೌದು ಮಕ್ಕಳೇ. ಅದು ಬುಗುರಿಯಲ್ಲ. ಕುಕ್ಕರ್ ವಿಶಲ್.

ಮರುದಿನ ಬೆಳಿಗ್ಗೆ ಸರ್ವಮಂಗಳಾ ಬೇಳೆ ತೊಳೆದಳು, ನೀರು ಹಾಕಿದಳು, ಮುಚ್ಚಳ ಮುಚ್ಚಿದಳು. ವಿಶಲ್ ಇಲ್ಲ. ಡಬ್ಬಿಗಳ ಹಿಂದೆ, ಸಿಂಕಿನ ಕೆಳಗೆ, ಕೊಟ್ರೇಶನ ಬೂಟಿನೊಳಗೆ, ಎಲ್ಲ ಕಡೆ ಹುಡುಕಿದ್ದಾಯಿತು. ಕೊನೆಗೆ ಬಸು ಹೇಳಿದ.

"ಯಾರೋ ನಿಂಗೆ ಹೇಳಿದ್ದು ಕೊಡು ಅಂತ?"

"ನೀನೇ."

ಅಮ್ಮನಿಗೆ ಬೈಯಲು ಮಾತೇ ಸಿಗಲಿಲ್ಲ. ಸಿಗದಿದ್ದರೂ ಬೈದಳು. ಬಸು ಅಳಲಿಲ್ಲ. ತನ್ನ ಕಾರು, ಬಳಪ, ಮುರಿದ ಆನೆ ಎಲ್ಲವನ್ನೂ ಮಂಚದ ಕೆಳಗೆ ತಳ್ಳಿ, ಮುಂದೆ ದಿಂಬು ಅಡ್ಡ ಇಟ್ಟ.

"ಹೋಗಿ ಕೇಳಿದ್ರಾಯ್ತಪ್ಪಾ," ಅಂದ ಕೊಟ್ರೇಶ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ರೀ? ನಮ್ಮಪ್ಪನ ಮನೇಲಿ ಹಂಗೆ ಕಲಿಸಿಲ್ಲ. ಅವರಿಗೇ ತಿಳೀಬೇಕು. ಕಳಿಸ್ತಾರೆ ಬಿಡಿ."

ಕಳಿಸಲಿಲ್ಲ. ಮೆಟ್ಟಿಲು ಇಳಿಯುವಾಗ ಸರ್ವಮಂಗಳಾ ನೋಡುತ್ತಾಳೆ, ವಿಶಲ್ಲು ಉಮ್ಮ್ ನಬೀಲ್ ಮನೆಯ ಬಾಗಿಲ ಮೇಲೆ ನೀಲಿ ಮಣಿಯ ಜೊತೆ ದಾರದಲ್ಲಿ ನೇತಾಡುತ್ತಿದೆ!

"ನೋಡಿದ್ರಾ? ಸೋತ ರಾಜನ ಕತ್ತಿ ತೂಗುಹಾಕಿದಂಗೆ ಹಾಕಿದಾರೆ! ಬೇಕಂತಲೇ ಇಟ್ಕೊಂಡಿದಾರೆ. ನಮ್ಮ ಸದ್ದು ನಿಲ್ಲಲಿ ಅಂತ. ಅದಕ್ಕೇ ಈಗ ಧಡ್ ಧಡ್ಡೂ ಇಲ್ಲ."

ಅದು ನಿಜವೇ. ಮೇಲೆ ಕೂಗು ನಿಂತಿತ್ತು, ಕೆಳಗೆ ಬಡಿತ ನಿಂತಿತ್ತು. ಕೊಟ್ರೇಶ ಪೇಟೆಯಿಂದ ಬೇರೆ ವಿಶಲ್ ತಂದ. ಅದು ಕುಕ್ಕರಿಗೆ ಕೂರಲಿಲ್ಲ. ಒಂದು ಆಲೂಗಡ್ಡೆ ಚುಚ್ಚಿ ಇಟ್ಟರೆ ಹೇಗೆ ಅಂದ. "ಇಡಿ. ಅಡುಗೆಮನೆ ಹಾರಿ ಸಮುದ್ರಕ್ಕೆ ಬೀಳ್ಲಿ," ಅಂದಳು ಹೆಂಡತಿ. ನೀವೂ ಇಡಬೇಡಿ ಮಕ್ಕಳೇ. ನಾನು ಇಟ್ಟಿದ್ದೆ. ನಮ್ಮ ಅಡುಗೆಮನೆಯ ಸೂರಿನಲ್ಲಿ ಇವತ್ತಿಗೂ ಆಲೂಗಡ್ಡೆ ಮೊಳಕೆಯೊಡೆಯುತ್ತದೆ.

ತೆರೆದ ಪಾತ್ರೆಯಲ್ಲಿ ಬೇಳೆ ಕುದಿಸಿದರು. ಬೇಳೆ ಕುದಿಯಿತು, ಬೇಯಲಿಲ್ಲ. ಬಸುಗೆ ಮೆತ್ತಗಿನ ಬೇಳೆ ಅನ್ನ ಬಿಟ್ಟು ಬೇರೆ ಸೇರುವುದಿಲ್ಲ. "ಕಚ್ಚುತ್ತೆ," ಅಂತ ತಟ್ಟೆ ತಳ್ಳಿದ. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಇಂಚರಾ ರೊಟ್ಟಿ ತರಲು ಬುಟ್ಟಿ ಎಳೆಯುತ್ತಿದ್ದಾಗ ಕೆಳಗಿನ ಬಾಲ್ಕನಿಯಿಂದ ಆ ಕೈ ಮತ್ತೆ ಬಂತು, ಒಂದು ಬಟ್ಟಲು ಖರ್ಜೂರ ಹಿಡಿದು. ಬಸು ಹಗ್ಗ ಹಿಡಿದು ಜಗ್ಗಿದ.

"ತಗೋಬೇಡ ಅಕ್ಕಾ! ತಗೊಂಡ್ರೆ ಕೊಡಬೇಕು. ಕೊಟ್ರೆ ಬೈತಾರೆ."

ಆ ಮಾತು ಸರ್ವಮಂಗಳಾಳ ಎದೆಗೆ ನಾಟಿತು. ವಿಶಲ್ ಹೋದರೆ ಇನ್ನೊಂದು ತರಿಸಬಹುದು. ತನ್ನ ಇಷ್ಟದ್ದನ್ನು ಕೆನ್ನೆಗೊತ್ತಿ ಕೊಡುವ ಮಗ ಹೋದರೆ ಯಾವ ಅಂಗಡಿಯಲ್ಲಿ ತರುವುದು? ಆದರೂ ಕೆಳಗೆ ಹೋಗಿ ಕೇಳಲು ಕಾಲು ಏಳಲಿಲ್ಲ. ಬಿಗುಮಾನ ಅನ್ನೋದು ನೋಡಿ, ಕಾಲಿಗೆ ಕಟ್ಟಿದ ಬೀಸುವ ಕಲ್ಲು.

ಮರುದಿನ ಬೆಳಿಗ್ಗೆ ಧಡ್! ಧಡ್! ಧಡ್!

ಈ ಸಲ ಕೆಳಗಲ್ಲ. ಇವರ ಬಾಗಿಲಿಗೇ.

"ಬಂದ್ರು, ಜಗಳಕ್ಕೇ ಬಂದ್ರು," ಅಂತ ಸರ್ವಮಂಗಳಾ ಸೆರಗು ಸಿಕ್ಕಿಸಿಕೊಂಡು ಬಾಗಿಲು ತೆರೆದಳು. ಉಮ್ಮ್ ನಬೀಲ್ ಏದುಸಿರು ಬಿಡುತ್ತ ಒಳಗೇ ನುಗ್ಗಿದರು. ಬಸುವಿನ ಹಣೆ ಮುಟ್ಟಿದರು. ಇಂಚರಾಳ ಹಣೆ ಮುಟ್ಟಿದರು. ಸರ್ವಮಂಗಳಾಳ ಹಣೆಯನ್ನೂ ಬಿಡಲಿಲ್ಲ. ಆಮೇಲೆ ಗಡಗಡ ಮಾತಾಡಿದರು.

"ಯಾರಿಗೆ ಜ್ವರ ಅಂತ ಕೇಳ್ತಿದಾರೆ," ಅಂದಳು ಇಂಚರಾ.

"ಯಾರಿಗೂ ಇಲ್ಲ ಅನ್ನು."

"ಹಂಗಾದ್ರೆ ನಿಮ್ಮನೆ ಯಾಕೆ ಕೂಗ್ತಿಲ್ಲ ಅಂತ."

"ಏನು?"

ಉಮ್ಮ್ ನಬೀಲ್ ಕೈ ಬಾಯಿ ಕಣ್ಣು ಎಲ್ಲ ಬಳಸಿ ಹೇಳಿದರು, ಇಂಚರಾ ತಿರುಗಿಸಿದಳು. ಅವರ ಮಗ ನಬೀಲ ಟ್ರಾಂ ಓಡಿಸುತ್ತಾನೆ. ಕುಂಭಕರ್ಣನ ಸೋದರಳಿಯ. ಅಲಾರಂ ಇಟ್ಟರೆ ಅದನ್ನೇ ತಬ್ಬಿಕೊಂಡು ಮಲಗುತ್ತಾನೆ. ಈ ಮನೆಗೆ ಇವರು ಬಂದ ಮೇಲೆ ಉಮ್ಮ್ ನಬೀಲ್‌ಗೆ ನೆಮ್ಮದಿ. ಮೇಲೆ ಮೂರನೇ ಕೂಗು ಆದಾಗ ಹೋಗಿ ಮಗನ ಕೋಣೆಯ ಬಾಗಿಲು ಬಡಿಯುವುದು. ಎದ್ದರೆ ಕೆಲಸಕ್ಕೆ ಸರಿಯಾದ ಹೊತ್ತು. ಈಗ ಕೂಗಿಲ್ಲ. ನಬೀಲ ದಿನಾ ತಡ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬೀದಿಯಲ್ಲಿ ಓಡುತ್ತಾನೆ.

"ಅವನು ಓಡಿದ್ರೆ ಓಡ್ಲಿ, ಹೊಟ್ಟೆ ಕರಗುತ್ತೆ. ಆದ್ರೆ ಸದ್ದು ಮಾಡೋ ಮನೆ ಸುಮ್ಮನಾದ್ರೆ ನಂಗೆ ಭಯ ಆಗುತ್ತೆ. ಕಿಟಕಿ ಮುಚ್ಚಿದೆ, ಮಕ್ಕಳು ಓಡ್ತಿಲ್ಲ. ಪರದೇಶದ ಹುಡುಗಿ, ಏನಾಯ್ತೋ ಏನೋ ಅಂತ ಬಂದೆ. ಹಿಂಗೆ ಹೇಳ್ತಿದಾರೆ ಅಮ್ಮಾ."

ಸರ್ವಮಂಗಳಾಳ ಕಣ್ಣು ತುಂಬಿ ಬಂತು. ಆದರೂ ಹಳೇ ಚಾಳಿ. ಮಗಳ ಕಿವಿಯಲ್ಲಿ ಅಂದಳು: "ಎಲ್ಲ ಚೆನ್ನಾಗಿದೀವಿ ಅನ್ನು. ವಿಶಲ್ ವಿಷಯ ಮಾತ್ರ ಎತ್ತಬೇಡ."

"ಅಮ್ಮ ಏನಂದಳು?" ಅಂದರು ಉಮ್ಮ್ ನಬೀಲ್.

ಇಂಚರಾಗೆ ಸುಳ್ಳು ಹೇಳಬಾರದು ಅಂತಲೂ ಇದೇ ಅಮ್ಮನೇ ಕಲಿಸಿದ್ದಳು. ಅರಬ್ಬಿಯಲ್ಲಿ ಸ್ಪಷ್ಟವಾಗಿ ಹೇಳಿದಳು: "ಎಲ್ಲ ಚೆನ್ನಾಗಿದೀವಿ, ವಿಶಲ್ ವಿಷಯ ಮಾತ್ರ ಎತ್ತಬೇಡ ಅಂದಳು."

"ಯಾವ ವಿಶಲ್?"

ಬಸು ಅವರ ಬೆರಳು ಹಿಡಿದು ಅಡುಗೆಮನೆಗೆ ಎಳೆದ. ಕುಕ್ಕರ್ ತೋರಿಸಿದ. ಮುಚ್ಚಳದ ಮೇಲಿನ ಬೋಳು ಕೊಳವೆ ತೋರಿಸಿದ. ಆಮೇಲೆ ನೆಲ ತೋರಿಸಿದ, ಅಂದರೆ ಕೆಳಗಿನ ಮನೆ. ಬಾಯಿಂದ ಮೂರು ಸಲ ಸುಯ್‌ಯ್‌ಯ್ ಅಂದ.

ಉಮ್ಮ್ ನಬೀಲ್ ಕೊಳವೆ ನೋಡಿದರು, ಹುಡುಗನನ್ನು ನೋಡಿದರು, ಸರ್ವಮಂಗಳಾಳನ್ನು ನೋಡಿದರು. ಅಲ್ಲೇ ಅಕ್ಕಿ ಡಬ್ಬಿಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಸ್ತು ಏನೆಂದು ಮಗನನ್ನು ಕೇಳಿದ್ದರಂತೆ. ಗೊತ್ತಿಲ್ಲ ಅನ್ನುವ ಅಭ್ಯಾಸ ನಬೀಲನಿಗೆ ಇಲ್ಲ. "ಹಿಂದೂಸ್ತಾನದ ಗೋಪುರದ ಕಳಸ. ಮನೆಗೆ ದೃಷ್ಟಿ ತಾಗದ ಹಾಗೆ ಕೊಡ್ತಾರೆ," ಅಂದನಂತೆ. ಪರದೇಶದ ಮಗು ತನ್ನ ಊರಿನ ಕಳಸವನ್ನೇ ಕೊಟ್ಟಿತಲ್ಲ ಅಂತ ಇವರು ಅಲ್ಲಿ ದೃಷ್ಟಿಗೆಂದು ಕಟ್ಟುವ ನೀಲಿ ಮಣಿ ಸೇರಿಸಿ ಬಾಗಿಲಿಗೆ ಕಟ್ಟಿ, ಬಂದ ನೆಂಟರಿಗೆಲ್ಲ ತೋರಿಸಿದ್ದರು. ನನ್ನ ಹಾಗೆ ಸುಳ್ಳು ಹೇಳುವವರು ಆ ದೇಶದಲ್ಲೂ ಇದ್ದಾರೆ ಅಂತ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ!

ಅವರು ಕೆಳಗೆ ಹೋಗಿ ವಿಶಲ್ ತಂದರು. ಬರಿಗೈಯಲ್ಲಲ್ಲ, ತಟ್ಟೆಯಲ್ಲಿಟ್ಟು, ಸುತ್ತ ಖರ್ಜೂರ ಹಾಕಿ ತಂದರು. ಸರ್ವಮಂಗಳಾ ಕೈ ಚಾಚಿದಳು. ಅವರು ತಟ್ಟೆ ಹಿಂದಕ್ಕೆ ಎಳೆದುಕೊಂಡು ಬಸುವಿನ ಕೈಗೇ ಕೊಟ್ಟರು. ಕೊಟ್ಟವನು ಅವನು ತಾನೇ? ನೀಲಿ ಮಣಿಯನ್ನು ಬಿಚ್ಚಿ ಕುಕ್ಕರಿನ ಹಿಡಿಗೆ ಕಟ್ಟಿದರು. ವಿಶಲ್ಲಿನ ಮೇಲೆ ಅಷ್ಟು ನೆಂಟರ ಕಣ್ಣು ಬಿದ್ದಿತ್ತಲ್ಲ!

ತಟ್ಟೆ ಈಗ ಖಾಲಿ. ವಾಪಸ್ ಹೋಗಬೇಕು. ಬಸು ಅಮ್ಮನ ಮುಖ ನೋಡಿದ.

ಸರ್ವಮಂಗಳಾ ಅವನನ್ನು ಎತ್ತಿಕೊಂಡಳು. ಅವನ ಕೈ ಎತ್ತರದ ಗೂಡು ಮುಟ್ಟಿತು. ಬಸು ಸಕ್ಕರೆ ಡಬ್ಬಿಗೆ ಎರಡೂ ಕೈ ಅದ್ದಿ, ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ ಹಾಕಿದ. ಒಂದು ಹರಳು ತನ್ನ ನಾಲಿಗೆಗೆ. ಯಾರೂ ಬೈಯಲಿಲ್ಲ. ಆ ದಿನದಿಂದ ಸಕ್ಕರೆ ಡಬ್ಬಿ ಆ ಮನೆಯಲ್ಲಿ ಕೆಳಗಿನ ಗೂಡಿನಲ್ಲಿದೆ.

ಈಗ ಅಡುಗೆಮನೆ ಕಿಟಕಿ ತೆರೆದೇ ಇರುತ್ತದೆ. ಬೆಳಿಗ್ಗೆ ಮೂರು ಕೂಗು. ಕೂಡಲೇ ಕೆಳಗೆ ಧಡ್ ಧಡ್ ಧಡ್. "ಎದ್ದನಾ?" ಅಂತ ಬಸು ಬಾಲ್ಕನಿಯಿಂದ ಕನ್ನಡದಲ್ಲಿ ಕೂಗುತ್ತಾನೆ. "ಇನ್ನೂ ಇಲ್ಲ!" ಅಂತ ಅವರು ಅರಬ್ಬಿಯಲ್ಲಿ ಕೂಗುತ್ತಾರೆ. ಇಬ್ಬರಿಗೂ ಅರ್ಥವಾಗುತ್ತದೆ.

ನೀತಿ: ನಮ್ಮ ಮನೆಯ ಸದ್ದನ್ನು ಸಹಿಸುವವರು ನೆರೆಯವರು, ಸದ್ದು ನಿಂತಾಗ ಮೆಟ್ಟಿಲು ಹತ್ತಿ ಬರುವವರು ನೆಂಟರು. ಅಂಥವರ ಮನಸ್ಸಿನಲ್ಲಿ ಏನಿದೆ ಅಂತ ನಾವೇ ಊಹಿಸಿ ಕೊರಗುವ ಬದಲು, ಬಾಯಿಬಿಟ್ಟು ಕೇಳಿಬಿಡಬೇಕು. ಮತ್ತೆ ಮಗು ಪ್ರೀತಿಯಿಂದ ಕೊಟ್ಟಿದ್ದಕ್ಕೆ ಎಂದೂ ಬೈಯಬಾರದು. ಕೈ ಒಮ್ಮೆ ಮುಚ್ಚಿದರೆ ತೆರೆಯುವುದು ಕಷ್ಟ.

ಕತೆ ಮುಗಿಯಿತು. ನಿಮ್ಮ ಕಿವಿಯ ತಟ್ಟೆಗೆ ನಾನು ಇಷ್ಟು ತುಂಬಿದೆ, ಬರಿದು ವಾಪಸ್ ಕಳಿಸಬಾರದು ಅಂತ ಈಗ ತಾನೇ ಕಲಿತಿರಿ. ನನ್ನ ಈ ಟೀಯ ಕಾಸು ನೀವೇ ಕೊಟ್ಟುಬಿಡಿ. ಸಕ್ಕರೆ ಸ್ವಲ್ಪ ಜಾಸ್ತಿ ಹಾಕಲು ಹೇಳಿ.